ಹನುಮಮ್ಮನ ಅಂಗೈ ಹೇಗಿತ್ತು

ಗೌತಮಿ ಬಳ್ಳಾರಿಯವಳು. ಹಚ್ಚೊಳ್ಳಿ ಕಡೆಯ ಒಂದು ಶಾಲೆಗೆ ಕನ್ನಡ ಟೀಚರಾಗಿ ಬಂದು ಎರಡು ತಿಂಗಳಾಗಿತ್ತು. ಸಿರುಗುಪ್ಪದಲ್ಲಿ ರೂಮು ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಏಳನೇ ತರಗತಿಗೆ ಉಪಮೆಯ ಪಾಠ ಮಾಡಿ, ತಲಾ ಒಂದು ವಾಕ್ಯ ಬರೆಯಲು ಹೇಳಿದರೆ, ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ಮಂದಿ ‘ಅಕ್ಕನ ಮುಖ ಚಂದ್ರನಂತಿದೆ’ ಎಂದು ಬರೆದಿದ್ದರು. ಉಳಿದ ಐವರದು ತಾವರೆ.

“ನಿಮ್ಮ ಮನ್ಯಾಗ ಯಾರ ಮುಖಾನಾದ್ರೂ ಚಂದ್ರನಂಗ ಐತೇನು?” ಎಂದು ಕೇಳಿದಳು.

ಎಲ್ಲರೂ ಯೋಚಿಸಿದರು. ವೀರೇಶ್ ಎದ್ದು ನಿಂತು, “ಮುಖ ಇಲ್ರಿ. ನಮ್ಮ ಅಜ್ಜನ ತಲಿ ಐತ್ರಿ,” ಎಂದ.

ನಗು ಅಡಗಿದ ಮೇಲೆ ಗೌತಮಿ ಹೇಳಿದಳು: “ಇವತ್ತಿನಿಂದ ಚಂದ್ರ, ತಾವರಿ ಎರಡೂ ಬಂದ್. ನೀವ ನೋಡಿದ್ದು, ನೀವ ಮುಟ್ಟಿದ್ದು, ಅಷ್ಟ ಬರೀರಿ. ನಾಳೆ ಓದಿಸ್ತೀನಿ.”

ಪಂಪಾವತಿ ತರಗತಿಯಲ್ಲಿ ಬಾಯಿ ಬಿಡುವ ಹುಡುಗಿಯೇ ಅಲ್ಲ. ಆ ಸಂಜೆ ಅವಳು ಭತ್ತದ ನಾಟಿಗೆ ಹೋಗಿ ಬಂದ ತಾಯಿ ಹನುಮಮ್ಮನ ಎದುರು ಕೂತು, ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಯಾಕೆಂದು ತಾಯಿ ಕೇಳಿದ್ದಕ್ಕೆ, “ಟೀಚರ್ ಬರಿಯಾಕ ಹೇಳ್ಯಾರ,” ಎಂದಷ್ಟೇ ಹೇಳಿದಳು.

ಮರುದಿನ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಬರುವ ಹೊತ್ತಿಗೆ ಹನುಮಮ್ಮ ತರಗತಿಯ ಬಾಗಿಲಲ್ಲಿ ನಿಂತಿದ್ದಳು. ನಾಟಿಯ ಹೆಂಗಸರನ್ನು ತುಂಬಿಕೊಂಡ ಟ್ರ್ಯಾಕ್ಟರ್ ಗೇಟಿನ ಹೊರಗೆ ಕಾಯುತ್ತಿತ್ತು.

“ಮೇಡಂ, ನಾ ಪಂಪಾವತಿ ಅವ್ವ. ನನ್ನ ಕೈ ಬಗ್ಗೆ ಏನ ಬರಸಾಕ ಹತ್ತೀರಿ?”

ಗೌತಮಿಗೂ ಗೊತ್ತಿರಲಿಲ್ಲ. “ಒಳಗ ಬರ್ರಿ, ನಾನೂ ಕೇಳ್ತೀನಿ,” ಎಂದು ಪಂಪಾವತಿಯನ್ನು ಎಬ್ಬಿಸಿದಳು. ಹುಡುಗಿ ನೋಟ್‌ಬುಕ್ಕಿನಿಂದ ಕಣ್ಣೆತ್ತದೆ ಓದಿದಳು: “ನಾಟಿ ಮಾಡಿ ಬಂದ ನಮ್ಮವ್ವನ ಬೆರಳುಗಳು ನೆನೆಹಾಕಿದ ಕಡಲೆಯಂತೆ ಸುಕ್ಕಾಗಿವೆ.”

ಗೌತಮಿಗೆ ತುಂಬ ಖುಷಿಯಾಯಿತು. ಹನುಮಮ್ಮ ಮಾತ್ರ ತಲೆಯಾಡಿಸಿದಳು.

“ಬೆರಳು ಸುಕ್ಕಾಗೋದು ಖರೇ ಐತಿ. ಆದ್ರ ನೆನದ ಕಡ್ಲಿ ಮೆತ್ತಗಿರ್ತೈತಿ. ನನ್ನ ಅಂಗೈ ಮೆತ್ತಗ ಐತೇನು? ಮುಟ್ಟಿ ನೋಡ್ರಿ.”

ಗೌತಮಿ ಮುಟ್ಟಿದಳು. ಮೆತ್ತಗಿರಲಿಲ್ಲ. ಅಷ್ಟರಲ್ಲಿ ಮಕ್ಕಳೂ ಎದ್ದು ಸಾಲು ನಿಂತಿದ್ದರು.

“ಹುಣಸಿ ಗಿಡದ ತೊಗಟಿ ಇದ್ದಂಗ ಐತಿ,” ಎಂದಳು ಸೌಂದರ್ಯ.

“ಅಷ್ಟ ಒಡದಿಲ್ಲವ್ವ.”

ವೀರೇಶನ ಅಪ್ಪ ಪೇಂಟರ್. “ಗೋಡಿ ಉಜ್ಜೋ ಪಾಲಿಶ್ ಪೇಪರ್ ಇದ್ದಂಗ,” ಎಂದ ಹುಡುಗ.

“ಅದು ಗೀರತೈತಲೇ. ಇದ ಕೈಲೆ ಮಕ್ಕಳ ಮೈ ತೊಳದೀನಿ, ಯಾರಿಗೂ ಗೀರಿಲ್ಲ.”

ಗೌತಮಿ ಮೇಜಿಗೆ ಒರಗಿ ನಿಂತಳು. ಪಾಠ ಈಗ ಹನುಮಮ್ಮನದಾಗಿತ್ತು.

ಸಾಲಿನ ಕೊನೆಗೆ ಪಂಪಾವತಿ ಬಂದಳು. ತಾಯಿಯ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು.

“ಬೆಕ್ಕಿನ ನಾಲಿಗಿ ಇದ್ದಂಗ ಐತಿ,” ಎಂದಳು. “ನಮ್ಮನಿ ಬೆಕ್ಕು ಮರಿ ನೆಕ್ಕತೈತಲ್ಲ, ಹಂಗ. ಒರಟ ಇರ್ತೈತಿ, ಆದ್ರ ಮರಿ ಕಣ್ಣ ಮುಚ್ಕೊಂಡು ಸುಮ್ನ ಮಲಗಿರ್ತೈತಿ.”

ಹನುಮಮ್ಮ ಈ ಸಲ ತಪ್ಪು ಹುಡುಕಲಿಲ್ಲ. ಮಗಳ ತಲೆ ಸವರಿ, “ಹೂಂ, ಇದನ್ನ ಬರಿ,” ಎಂದಳು. ಆಮೇಲೆ ಗೌತಮಿಯ ಕಡೆ ತಿರುಗಿ, “ಇದಕ್ಕ ಮಾರ್ಕ್ಸ್ ಬೀಳ್ತಾವೇನ್ರಿ?” ಎಂದು ಕೇಳಿದಳು.

“ಬೀಳ್ತಾವ್ರಿ. ನಿಮಗೂ ಕೊಡಬೇಕು.”

ಹೊರಗೆ ಟ್ರ್ಯಾಕ್ಟರಿನವನು ಹಾರ್ನ್ ಒತ್ತಿದ. ಹನುಮಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದಳು. ಅವಳು ಟ್ರಾಲಿ ಹತ್ತಿ, ಪಕ್ಕದವಳ ಮುಂದೆ ಕೈಚಾಚಿ ಏನೋ ಹೇಳುವುದು ಕಿಟಕಿಯಿಂದ ಕಾಣುತ್ತಿತ್ತು. ಆಕೆ ಮುಟ್ಟಿ ನೋಡಿ ನಕ್ಕಳು. ಟ್ರ್ಯಾಕ್ಟರ್ ಕಾಲುವೆಯ ದಾರಿಗೆ ತಿರುಗುವಷ್ಟರಲ್ಲಿ ಹೆಂಗಸರೆಲ್ಲ ಒಬ್ಬರದೊಬ್ಬರು ಅಂಗೈ ಸವರಿ ನೋಡುತ್ತಿದ್ದರು.

ಒಳಗೆ ಪಂಪಾವತಿ, ಪಾಲಿಶ್ ಪೇಪರ್ ಯಾಕೆ ಸರಿಯಲ್ಲ ಎಂದು ವೀರೇಶನೊಡನೆ ಗಟ್ಟಿಯಾಗಿ ಜಗಳಕ್ಕೆ ನಿಂತಿದ್ದಳು. ಗೌತಮಿ ಅವಳನ್ನು ಸುಮ್ಮನಿರಿಸಲಿಲ್ಲ.