ಕುಬೇರಪ್ಪನ ನೆಟ್ಟಿನಲ್ಲಿ ಪುರಾಣಮಂಗಲ

ಲಕ್ಷ್ಮೇಶ್ವರದ ಅರ್ಧ ಊರಿಗೆ ಇಂಟರ್ನೆಟ್ ಕೊಡುವವನು ಕುಬೇರಪ್ಪ. ಫೋನಿನ ತಂತಿಗೆ ಮೋಡೆಮ್ ಹಚ್ಚಿ, ಅದು ಕಿರ್ರೆಂದು ಕೂಗಿ ಸುಮ್ಮನಾಗುವುದನ್ನು ಕಾಯುತ್ತಿದ್ದ ಕಾಲದಲ್ಲೇ ಈ ಧಂದೆಗೆ ಇಳಿದಿದ್ದ. ಆಗ ಕಲಿತದ್ದು ಒಂದೇ ಲೆಕ್ಕ: ಎಲ್ಲರೂ ಒಮ್ಮೆಲೇ ನೆಟ್ ಹಚ್ಚುವುದಿಲ್ಲ, ಹತ್ತು ಮನೆಗೆ ಒಂದು ಮನೆಯ ವೇಗ ತಂದರೆ ಸಾಕು. ಮೋಡೆಮ್ ಹೋಗಿ ಫೈಬರ್ ಬಂತು. ಲೆಕ್ಕ ಮಾತ್ರ ಅಲ್ಲೇ ನಿಂತಿತ್ತು. ಊರೂ ಪಾಪ ಸಹಕರಿಸಿತ್ತು: ಅಡತಿಯವರು ಬೆಳಿಗ್ಗೆ ಕಾಳಿನ ದರ ನೋಡಿದರೆ ಹೆಂಗಸರು ಮಧ್ಯಾಹ್ನ ಧಾರಾವಾಹಿ ನೋಡುತ್ತಿದ್ದರು.

ಈ ಶ್ರಾವಣದಲ್ಲಿ ಅವನ ತಾಯಿ ಸಿದ್ದಲಿಂಗವ್ವನ ಮೊಣಕಾಲು ಹಿಡಿದವು. ಮಠದ ತಿಂಗಳ ಪುರಾಣವನ್ನೂ ಅದರ ಕೊನೆಯ ದಿನದ ಮಂಗಲವನ್ನೂ ಎಂದೂ ತಪ್ಪಿಸದ ಜೀವ.

"ಮಂಗಲದ ಆರತಿ ಹಾಡರ ಕಿವಿಗೆ ಬೀಳ್ಲೋ ಯಪ್ಪಾ."

"ಯವ್ವಾ, ಮಂಚದ ಮ್ಯಾಲ ಕುಂತು ಟಿವ್ಯಾಗ ನೋಡೂವಂತಿ!" ಎಂದು ಕುಬೇರಪ್ಪ ಮಠದಲ್ಲಿ ಕ್ಯಾಮೆರಾ ಹಚ್ಚಿಸಿದ. ಮಾತೃಭಕ್ತಿ ಮನೆಯಲ್ಲೇ ಉಳಿದರೆ ಯಾರಿಗೆ ಗೊತ್ತಾಗಬೇಕು? ರಿಕ್ಷಾಕ್ಕೆ ಮೈಕ್ ಕಟ್ಟಿ ಸಾರಿಸಿದ: "ಮಠಕ್ಕ ಬರೂದು ಬ್ಯಾಡ್ರಿ, ಮನ್ಯಾಗ ನೋಡ್ರಿ!"

ಊರು ಮಾತು ಕೇಳಿತು. ಮಂಗಲದ ಸಂಜೆ ಮನೆಮನೆಯಲ್ಲೂ ಟಿವಿಗೆ ವಿಭೂತಿ ಹಚ್ಚಿ, ಮುಂದೆ ತೆಂಗಿನಕಾಯಿ ಇಟ್ಟು, ಎಲ್ಲರೂ ಒಂದೇ ಗಳಿಗೆಗೆ ಹಚ್ಚಿದರು. ಪುರಾಣ ಹೇಳುವ ಶಾಸ್ತ್ರಿಗಳು ಹಾಡಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಕೆಲವರು ಅದಕ್ಕೇ ಕರ್ಪೂರ ಬೆಳಗಿದರು.

ಎದುರುಮನೆಯ ಮಾಳಿಂಗರಾಯ ಫೋನ್ ಹಚ್ಚಿದ. "ಲೇ ಕುಬೇರಾ, ಶಾಸ್ತ್ರಿಗೋಳಿಗೆ ಏನ್ ಮಾಡೀದಿ? ಬಾಯಿ ಮುಚ್ಚವಲ್ರು!"

"ಎಲ್ಲಾರೂ ಕೂಡೇ ಹಚ್ಚ್ಯಾರ ಕಾಕಾ. ನೀವೊಂದೀಟು ಬಂದ್ ಮಾಡ್ರಿ."

"ನಾ ಯಾಕ? ಬಾಜೂ ಮನಿಯವ್ರಿಗೆ ಹೇಳು. ಅವ್ರದು ನನಗಿಂತ ದೊಡ್ಡ ಟಿವಿ!"

ಬಾಜೂ ಮನೆಯವರೂ ಅವರ ಬಾಜೂ ಮನೆ ತೋರಿಸಿದರು.

"ಮಂಗಲ ಮುಗದ್ ಹೋಗತೈತೋ..." ತಾಯಿ ಮಂಚದಿಂದ ಕೂಗಿದಳು.

ಕುಬೇರಪ್ಪ ಯೋಚಿಸಲಿಲ್ಲ. ನೆಟ್ಟಿನ ಪೆಟ್ಟಿಗೆಗಳಿದ್ದ ಮುಂದಿನ ಕೋಣೆಗೆ ಓಡಿ, ಕ್ಯಾಮೆರಾದ್ದು ಮತ್ತು ತಾಯಿಯದು ಬಿಟ್ಟು ಊರಿನ ತಂತಿಗಳನ್ನೆಲ್ಲ ಕಿತ್ತ. ರಿಕ್ಷಾದವನಿಗೆ ಫೋನ್ ಮಾಡಿ ಸುಳ್ಳು ಹೇಳಿಸಿದ: "ನೆಟ್ ಸುಟ್ಟೈತ್ರಿ! ಜಲ್ದಿ ಮಠಕ್ಕ ನಡೀರಿ!" ಜನ ಬೈಯುತ್ತ, ತೆಂಗಿನಕಾಯಿ ಎತ್ತಿಕೊಂಡು ಓಡಿದರು.

ಟಿವಿಯಲ್ಲಿ ಶಾಸ್ತ್ರಿಗಳ ಬಾಯಿ ಆಡಿತು. ಹಾಡು ಸ್ವಚ್ಛವಾಗಿ ಬಂತು. ಸಿದ್ದಲಿಂಗವ್ವ ಕೈಮುಗಿದು ತಾನೂ ದನಿಗೂಡಿಸಿದಳು. ಆರತಿ ಮುಗಿಯುತ್ತಲೇ ಶಾಸ್ತ್ರಿಗಳು ಕಿಕ್ಕಿರಿದ ಮಠವನ್ನು ನೋಡಿ ಗದ್ಗದಿತರಾದರು: "ಇಷ್ಟು ಭಕ್ತರು ಎಂದೂ ಕೂಡಿದ್ದಿಲ್ಲ. ಇದು ಕುಬೇರಪ್ಪನವರ ನೆಟ್ಟಿನ ಮಹಿಮೆ!"

ಕುಬೇರಪ್ಪ ಎದೆಯುಬ್ಬಿಸಿ ತಾಯಿಯ ಕಡೆ ತಿರುಗಿದ. ಅವಳು ಪರದೆಯ ಜನಜಂಗುಳಿಯಲ್ಲಿ ಒಂದೊಂದೇ ಮುಖ ಗುರುತಿಸುತ್ತಿದ್ದಳು.

"ಮೂಳಾ," ಎಂದಳು, "ಇಡೀ ಊರು ಅಲ್ಲೈತಿ. ನನ್ನೊಬ್ಬಾಕಿನ್ನ ಮನ್ಯಾಗ ಕುಂಡ್ರಿಸೀದಿ. ರಿಕ್ಷಾ ಇತ್ತಲ್ಲೋ, ಕರಕೊಂಡು ಹೋಗಾಕ ಏನಾಗಿತ್ತು?"