ಬರ್ತೀವಿ ಎಂದವರ ಬೆನ್ನು

ನಾನೊಂದು ತಗಡಿನ ಭೋಂಗಾ. ಕಿರಿದಾದ ಬದಿಗೆ ಬಾಯಿಟ್ಟು ಮಾತಾಡಿದರೆ ಅಗಲವಾದ ಬದಿಯಿಂದ ಪೇಟೆಗೆಲ್ಲ ಕೇಳುತ್ತದೆ. ಬಿಳಿಯರ ಕಾಲದಲ್ಲಿ, ದಂಡಿನ ಕಾರಖಾನೆಯೊಂದರಲ್ಲಿ ನನ್ನನ್ನು ಬಡಿದು, ಬೆಸೆದು, ಹಸಿರು ಬಣ್ಣ ಬಳಿದರು. ನನಗೆ ಜಂಬವೋ ಜಂಬ. ಬಂದೂಕು ಒಮ್ಮೆಗೆ ಒಬ್ಬನನ್ನು ಮುಟ್ಟಿದರೆ ನಾನು ಸಾವಿರ ಜನರನ್ನು ಮುಟ್ಟುತ್ತೇನೆ ಎಂದುಕೊಳ್ಳುತ್ತಿದ್ದೆ.

ನನ್ನನ್ನು ಹೊರುತ್ತಿದ್ದವನು ಸಿಪಾಯಿ ಬಾಳಪ್ಪ. ಆ ತುಕಡಿಯಲ್ಲಿ ಕನ್ನಡದವನು ಅವನೊಬ್ಬನೇ. ಬಲು ಸಂಕೋಚದವನು. ಮಾತಾಡುವ ಮುಂಚೆ ನನ್ನ ಕಿರಿಬಾಯಿಯನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ.

ಒಂದು ವರ್ಷ ಸರಕಾರ ದಂಡಿಗೆಂದು ಪೇಟೆಯ ಜೋಳವನ್ನೆಲ್ಲ ಹೊತ್ತೊಯ್ಯಲು ಹೊರಟಿತು. ಜನ ಗಾಡಿಗಳ ಮುಂದೆ ಕೂತರು. ನಮ್ಮ ತುಕಡಿ ಬಂದೂಕು ಹಿಡಿದು ಎದುರಿಗೆ ನಿಂತಿತು. ಮುಂದಿನ ಸಾಲಿನಲ್ಲಿ ತಂಗೆವ್ವ ಎಂಬ ಮುದುಕಿ ಉಡಿಯಲ್ಲಿ ಹಿಡಿ ಜೋಳ ಕಟ್ಟಿಕೊಂಡು ಕೂತಿದ್ದಳು.

ತುಕಡಿಯ ಬಿಳಿ ಸಾಹೇಬ ಇಂಗ್ಲಿಷಿನಲ್ಲಿ ಏನೋ ಅಂದ. ಪರನಾಡಿನ ಹವಾಲ್ದಾರ ಅದನ್ನು ಹಿಂದೂಸ್ತಾನಿಯಲ್ಲಿ ಬಾಳಪ್ಪನಿಗೆ ದಾಟಿಸಿದ: “ಇವರಿಗೆ ಹೋಗಿ ಅಂತ ಹೇಳು.”

ಬಾಳಪ್ಪ ನನ್ನನ್ನೆತ್ತಿದ. ಕಿರಿಬಾಯಿ ಒರೆಸಿದ. ನಮ್ಮ ಕಡೆ ಬರೇ ‘ಹೋಗು’ ಎನ್ನುವುದುಂಟೇ? ಅದು ಹೆಣಕ್ಕೆ ಹೇಳುವ ಮಾತು. ಬದುಕಿದವರಿಗೆ ‘ಹೋಗಿ ಬಾ’ ಎನ್ನಬೇಕು. ತಾಯಿ ಕಲಿಸಿದ್ದು ದಂಡಿಗೆ ಸೇರಿದರೆ ಮರೆತುಹೋಗುತ್ತದೆಯೇ?

“ಯವ್ವಾ, ಅಣ್ಣಾ, ಗುಂಡು ಹಾರಸ್ತಾರ್ರಿ. ಕೈ ಮುಗೀತೀನಿ, ಮನೀಗೆ ಹೋಗಿ ಬರ್ರಿ!”

ತಂಗೆವ್ವ ಎದ್ದು ಸೀರೆ ಕೊಡವಿಕೊಂಡಳು. “ಹುಡುಗ ನಮ್ಮಂವ ಅದಾನ. ಏಳ್ರಿ,” ಎಂದಳು. ಆಮೇಲೆ ಅವನತ್ತ ಕೈಯೆತ್ತಿ, “ಬರ್ತೀವಪಾ!” ಎಂದು ಬೆನ್ನು ತಿರುಗಿಸಿದಳು. ಉಳಿದವರೂ ಏಳುತ್ತ, ತಿರುಗುತ್ತ, ನೆಂಟರ ಮನೆಯಿಂದ ಹೊರಟವರ ಹಾಗೆ ಹೇಳಿದರು: “ಬರ್ತೀವ್ರಿ! ಬರ್ತೀವ್ರಿ!”

ಹವಾಲ್ದಾರನಿಗೆ ಬರುತ್ತಿದ್ದ ನಾಲ್ಕು ಕನ್ನಡ ಪದಗಳಲ್ಲಿ ಇದೂ ಒಂದು. “ಸಾಹೇಬ್, ನಮ್ಮ ಮೇಲೆ ಬರುತ್ತಾರಂತೆ!”

“ಇಲ್ರಿ, ಹೊಂಟಾರ್ರಿ, ಹೊಂಟಾರ!” ಎಂದು ಬಾಳಪ್ಪ ನನ್ನೊಳಗೇ ಕೂಗಿದ. ಗಾಬರಿಯಲ್ಲಿ ಅವನಿಗೆ ಕನ್ನಡವೇ ಬಂತು. ಬಂದೂಕುಗಳು ಸಿಡಿದವು. ತಂಗೆವ್ವನ ಉಡಿಯ ಜೋಳ ಮಣ್ಣಿಗೆ ಚೆಲ್ಲಿತು. ಬಿದ್ದವರಿಗೆಲ್ಲ ಗುಂಡು ತಗಲಿದ್ದು ಬೆನ್ನಿಗೆ.

ಭಾಷೆ ತಿಳಿಯದೆ ಆದ ತಪ್ಪು ಎಂದು ಆಮೇಲೆ ಹೇಳಿದವರುಂಟು. ಕೇಳಿ ನನಗೆ ಮೈಯೆಲ್ಲ ಉರಿಯುತ್ತದೆ. ಮಾತು ತಿಳಿಯಲಿಲ್ಲ, ಸರಿ. ಕಣ್ಣಿರಲಿಲ್ಲವೇ? ತಿರುಗಿದ ಬೆನ್ನಿಗೂ ಭಾಷೆ ಬೇಕೇ?

ಬಿಳಿಯರು ಹೋದ ಮೇಲೆ ಹರಾಜಿನಲ್ಲಿ ನನ್ನನ್ನು ಬಸ್ ಸ್ಟ್ಯಾಂಡಿನ ಏಜೆಂಟ್ ಹುಸೇನಸಾಬ ಕೊಂಡ. “ಬರ್ರಿ, ಬರ್ರಿ” ಎಂದು ಜನರನ್ನು ಕರೆಯುವ ಕೆಲಸ. ಬಸ್ಸು ಹತ್ತುವವರು “ಬರ್ತೀವಿ” ಎಂದಾಗಲೆಲ್ಲ ನಾನು ಗುಂಡಿನ ಸದ್ದಿಗೆ ಕಾಯುತ್ತಿದ್ದೆ.

ಅಲ್ಲಿಗೆ ಒಮ್ಮೆ ಬಾಳಪ್ಪ ಬಂದ. ಮುದುಕನಾಗಿದ್ದ. ಕಳಿಸಲು ಮಗಳು ಬಂದಿದ್ದಳು.

“ಹೋಗಿ ಬಾ ಅಪ್ಪಾ,” ಎಂದಳು. ಅವನು ಬರೇ ತಲೆಯಾಡಿಸಿದ. “ಬರ್ತೀನಿ ಅನ್ನಪಾ. ಯಾವತ್ತೂ ಅನ್ನೂದಿಲ್ಲ ನೋಡು ನೀ. ನನ್ನ ಎದಿ ಝಲ್ ಅಂತೈತಿ,” ಎಂದಳು ಮಗಳು.

ಆಗ ಅವನ ಕಣ್ಣು ಹುಸೇನಸಾಬನ ಕೈಯಲ್ಲಿದ್ದ ನನ್ನ ಮೇಲೆ ಬಿತ್ತು. ಬಣ್ಣ ಹೋಗಿದ್ದರೂ ಗುರುತು ಹಿಡಿದ. ಹತ್ತಿರ ಬಂದು ನನ್ನ ಕಿರಿಬಾಯಿಯನ್ನು ಹೆಬ್ಬೆರಳಿನಿಂದ ಒರೆಸಿದ. ಮಗಳತ್ತ ನೋಡಿ, “ಬರ್ತೀನವ್ವಾ,” ಎಂದ. ಹೇಳಿದವನು ತಿರುಗಲಿಲ್ಲ. ಅವಳಿಗೆ ಮುಖ ಕೊಟ್ಟುಕೊಂಡೇ ಹಿಂದೆ ಹಿಂದೆ ಸರಿಯುತ್ತ ಹೋದ. “ಮುತ್ಯಾ, ಮುಂದ ನೋಡಿ ಹತ್ರಿ!” ಎಂದು ಕಂಡಕ್ಟರ್ ನಕ್ಕ. ಬಾಳಪ್ಪ ಹಿಮ್ಮುಖವಾಗಿಯೇ ಬಸ್ಸು ಹತ್ತಿದ.

ಈಗ ನಾನು ಗ್ಯಾರೇಜೊಂದರ ಮೂಲೆಯಲ್ಲಿ ಎಣ್ಣೆ ಸುರಿಯುವ ಲಾಳಿಕೆ. ಜಂಬವೆಲ್ಲ ಇಳಿದಿದೆ. ಆದರೂ ಬಾಗಿಲಲ್ಲಿ ಯಾರಾದರೂ ‘ಬರ್ತೀವಿ’ ಎಂದು ಬೆನ್ನು ತಿರುಗಿಸಿದರೆ, ಅವರು ರಸ್ತೆಯ ತಿರುವು ದಾಟುವವರೆಗೆ ನನ್ನ ಜೀವದಲ್ಲಿ ಜೀವವಿರುವುದಿಲ್ಲ.