ಏಳು ಮನೆಯ ಶೃಂಗಸಭೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಅರಕೆರೆಯಲ್ಲಿ ಒಂದೇ ಕಿರುಗಾಲುವೆಯ ನೀರು ನಂಬಿದ ಏಳು ಮನೆಯ ಗಂಡಸರು ಊಟವನ್ನಷ್ಟೇ ಬಲ್ಲವರು. ನೀರಿನ ಸರದಿ ಗೊತ್ತುಮಾಡಲು ಅರಳಿಕಟ್ಟೆಯಲ್ಲಿ ಕೂತಾಗಲೆಲ್ಲ ಮಾತು ತಾತಂದಿರ ಕಾಲದ ಜಗಳಕ್ಕೆ ಹೋಗಿ, ಟವಲು ಕೊಡವಿ ಎದ್ದು ಬರುತ್ತಿದ್ದರು.

ಇದರಿಂದ ಹೊಟ್ಟೆ ಉರಿದದ್ದು ಚಿಕ್ಕಬೋರಮ್ಮನಿಗೆ. ಹಿತ್ತಿಲಿಗೆ ತಾಗಿದ ಅವಳ ಗದ್ದೆ ಕಾಲುವೆಯ ಕಟ್ಟಕಡೆಯದು. ಮೇಲಿನ ಗದ್ದೆಯ ನಂಜಪ್ಪ ಕಾಲುವೆಗೆ ಮಣ್ಣು ಅಡ್ಡ ಹಾಕಿ ನೀರನ್ನೆಲ್ಲ ತನ್ನ ಕಡೆಗೇ ತಿರುಗಿಸಿಕೊಂಡಿದ್ದ. ನಾಟಿಗೆಂದು ಮಡಿಯಲ್ಲಿ ಬೆಳೆಸಿದ ಇವಳ ಭತ್ತದ ಪೈರು ಬಲಿತುಹೋಗುತ್ತಿತ್ತು. ಈ ವಾರ ನಾಟಿ ಆಗದಿದ್ದರೆ ಕಿತ್ತು ದನಕ್ಕೆ ಹಾಕಬೇಕು. ಗಂಡ ಕರಿಯಪ್ಪ ಪಂಚಾಯ್ತಿಯಿಂದ ತರುತ್ತಿದ್ದದ್ದು ಕೂಗಿ ಕೂಗಿ ಕಟ್ಟಿದ ಗಂಟಲು ಮಾತ್ರ.

ಅದು ತೊಂಬತ್ತಮೂರನೇ ಇಸವಿಯ ಆಷಾಢ. ಏಳು ಸಾಹುಕಾರ ದೇಶಗಳ ದೊರೆಗಳು ಟೋಕಿಯೋದಲ್ಲಿ ಶೃಂಗಸಭೆ ಸೇರಿದ್ದಾರೆಂದು ಸೊಸೆ ಲತ ಪೇಪರು ಓದಿ ಹೇಳಿದಳು. ಏಳು ಎಂದದ್ದೇ ಚಿಕ್ಕಬೋರಮ್ಮನ ಕಿವಿ ನೆಟ್ಟಗಾಯಿತು. ಅವರೂ ಕಿತ್ತಾಡುತ್ತಾರಾ ಎಂದು ಕೇಳಿದಳು. ಕಿತ್ತಾಟವನ್ನೆಲ್ಲ ಕೈಕೆಳಗಿನವರು ಮೊದಲೇ ಕೂತು ಮುಗಿಸಿರುತ್ತಾರೆ, ದೊರೆಗಳು ಬಂದು ಉಂಡು, ಫೋಟೋ ತೆಗೆಸಿಕೊಂಡು ಒಪ್ಪಿಗೆ ಅಂದುಬಿಡುತ್ತಾರೆ ಎಂದಳು ಲತ.

"ಅಂಗಾದ್ರೆ ನಮ್ಮ ದೊರೆಗಳ್ಗೂ ಒಂದು ಊಟ ಆಕ್ಬುಡಾನ ಕಣವ್ವ," ಎಂದಳು ಅತ್ತೆ.

ಮರುದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಏಳೂ ಮನೆಯ ಹೆಂಗಸರು ಬಂದಿದ್ದರು. ಅಲ್ಲಿ ಯಾರ ತಾತನ ಸುದ್ದಿಯೂ ಬರಲಿಲ್ಲ. ಯಾರ ಪೈರು ಬಲಿತಿದೆಯೋ ಅವರಿಗೆ ಮೊದಲು ನೀರು, ಅಷ್ಟೇ. ಮೊದಲು ಹೂಂ ಅಂದವಳು ನಂಜಪ್ಪನ ಹೆಂಡತಿ ಮಂಚಮ್ಮ. ಅವರವರ ಗಂಡಂದಿರ ಕಿವಿಗೆ ಹಾಕುವುದು ಅವರವರ ಕೆಲಸ ಎಂದಾಯಿತು.

ಭಾನುವಾರ ಮಧ್ಯಾಹ್ನ ಚಿಕ್ಕಬೋರಮ್ಮನ ಪಡಸಾಲೆಯಲ್ಲಿ ಗಂಡಸರಿಗೆಲ್ಲ ಮುದ್ದೆ, ನಾಟಿಕೋಳಿ ಸಾರು. ಎಲೆ ಎತ್ತುವ ತನಕ ನೀರಿನ ಮಾತಿಲ್ಲ ಎಂಬುದೊಂದೇ ಕರಾರು. ಎರಡನೇ ಮುದ್ದೆಯ ಹೊತ್ತಿಗೆ ನಂಜಪ್ಪ ಕರಿಯಪ್ಪನನ್ನು ತಮ್ಮಾ ಎಂದು ಕರೆದ. ಎಲೆ ಎತ್ತಿದ ಮೇಲೆ ಗಂಟಲು ಸರಿಮಾಡಿಕೊಂಡು, ಬಹಳ ಯೋಚನೆ ಮಾಡಿದ್ದೇನೆ, ಪಾಪ, ಕೊನೇ ಗದ್ದೆಗೆ ನಾಳೆಯೇ ನೀರು ಬಿಡೋಣ ಎಂದು ದೊಡ್ಡ ಮನಸ್ಸು ತೋರಿಸಿದ. ಉಳಿದವರು ಭೇಷ್ ಅಂದರು.

ಕೈ ತೊಳೆಯಲು ಹಿತ್ತಿಲಿಗೆ ಬಂದರೆ ಗದ್ದೆಯ ತುಂಬ ನೀರು. ನಂಜಪ್ಪ ಅಲ್ಲೇ ಚೊಂಬು ಹಿಡಿದು ನಿಂತಿದ್ದ ಹೆಂಡತಿಯ ಕಡೆ ತಿರುಗಿದ.

"ನೀವು ಅಡ್ಡ ಆಕಿದ್ ಮಣ್ಣ ಬೆಳಿಗ್ಗೇನೇ ತೆಗ್ದಾಕ್ಬುಟ್ಟೆ," ಎಂದಳು ಮಂಚಮ್ಮ, ಚೊಂಬಿನಿಂದ ಅವನ ಕೈಗೆ ನೀರು ಹೊಯ್ಯುತ್ತಾ. "ನೀವು ಇಂಗೇ ಯೋಳ್ತೀರಿ ಅಂತ ಗೊತ್ತಿತ್ತು ಬುಡಿ."

ಅಷ್ಟರಲ್ಲಿ ಚಿಕ್ಕಬೋರಮ್ಮ ಸೀರೆ ಎತ್ತಿಕಟ್ಟಿ ಗದ್ದೆಗೆ ಇಳಿದಿದ್ದಳು. ಪಾದ ಮುಳುಗಿದ್ದೇ ತಡ, ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ನಾಳೆ ನೀರು ಬುಡೋದು ಬ್ಯಾಡ ನಂಜಪ್ಪಣ್ಣ," ಎಂದಳು. "ನಾಳೆ ನಾಟಿ."